ಮಗ್ಗುಲ ಮುಖ

ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಮೂರು ಫೋಟೋಗಳು ತೂಗುತ್ತಿದ್ದವು. ಒಂದು ತೀರ ಸಣ್ಣವಳಿದ್ದಾಗಿನದು, ಇನ್ನೊಂದು ಕನ್ನಡ ಸಾಲೆ ಮುಗಿಸಿದಾಗಿನದು, ಮೂರನೆಯದು ಮ್ಯಾಟ್ರಿಕ್ ಆದ ವರ್ಷದ್ದು. ಮೂರರಲ್ಲಿಯೂ ನಾನು ಕ್ಯಾಮರಾವನ್ನು ನೆಟ್ಟಗೆ ನೋಡುತ್ತಿದ್ದೇನೆ. ಬಂದವರು ಅವುಗಳ ಮುಂದೆ ನಿಂತು, "ಹುಡಿಗಿ ಛಲೋ ಅದಾಳ" ಎನ್ನುತ್ತಿದ್ದರು. ನನ್ನ ಮೇಲ್ದುಟಿಯ ಎಡಗಡೆ ಮೂಗಿನವರೆಗೆ ಏರಿದ ಒಂದು ತೆಳ್ಳನೆಯ ಗೆರೆ ಇದೆ. ಅದೇನೆಂದು ಯಾರಾದರೂ ಕೇಳಿದರೆ ಅವ್ವ, "ಸಣ್ಣಾಕಿದ್ದಾಗ ಕಟ್ಟಿ ಮ್ಯಾಲಿಂದ ಬಿದ್ದಾಳ್ರಿ" ಎಂದು ಹೇಳಿ ಚಹಾ ತರಲು ಒಳಗೆ ಹೋಗಿಬಿಡುತ್ತಿದ್ದಳು.

ನಾನು ಎಲ್ಲಿಂದಲೂ ಬಿದ್ದಿರಲಿಲ್ಲ. ಹುಟ್ಟುವಾಗಲೇ ನನ್ನ ತುಟಿ ಮೂಗಿನ ತನಕ ಸೀಳಿತ್ತು. ಬಾಯೊಳಗಿನ ಅಂಗುಳವೂ ನಡುವೆ ಬಿಟ್ಟುಕೊಂಡಿತ್ತು. ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತಂತೆ. ಬಸುರಿಯಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಏನನ್ನೋ ಹೆಚ್ಚಿದ್ದಾಳೆ ಎಂದು ಓಣಿಯವರೆಲ್ಲ ಆಡಿಕೊಂಡರು. ಆ ದಿನ ಕತ್ತಲೆ ಕೋಣೆಯಲ್ಲಿ ಮಲಗಿದವಳು ಮಗ್ಗುಲು ಕೂಡ ಬದಲಿಸಿರಲಿಲ್ಲವೆಂದು ಅವ್ವ ಮೊದಮೊದಲು ಹೇಳುತ್ತಿದ್ದಳು. ಯಾರೂ ನಂಬದ್ದಕ್ಕೆ ಹೇಳುವುದನ್ನು ಬಿಟ್ಟಳು. ಕಡೆಕಡೆಗೆ ತಾನೇ ಏನನ್ನೋ ಹೆಚ್ಚಿರಬಹುದೆಂದು ಅವಳಿಗೂ ಅನಿಸತೊಡಗಿತ್ತೆಂದು ನನಗೆ ಸಂಶಯ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕಾರಕೂನರು. ಪಾಸು ಸಿಗುತ್ತಿದ್ದುದರಿಂದ ನನ್ನನ್ನು ಎತ್ತಿಕೊಂಡು ದೂರದ ಒಂದು ಮಿಷನ್ ಆಸ್ಪತ್ರೆಗೆ ಹೋದರು. ಅಲ್ಲಿಯ ಬಿಳಿಯ ಡಾಕ್ಟರರು ಮೊದಲು ತುಟಿ ಹೊಲಿದರು. ವರ್ಷ ತುಂಬುವ ಮೊದಲೇ ಅಂಗುಳವನ್ನೂ ಮುಚ್ಚಿದರು. ಮಾತು ಕಲಿಯುವ ಮೊದಲೇ ಮುಚ್ಚಿದರೆ ಮಾತು ಸ್ವಚ್ಛ ಬರುತ್ತದೆ ಎಂದು ಅವರು ಅಪ್ಪನಿಗೆ ಹೇಳಿದ್ದರು. ಅದು ಖರೆಯಾಯಿತು. ಇಂದು ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹಿಂದಿನ ಬೆಂಚಿನವರೆಗೆ ನನ್ನ ಮಾತು ಕೇಳುತ್ತದೆ.

ಮುಖದ ವಿಷಯ ಬೇರೆ. ಹಾಲುಹಲ್ಲು ಬೀಳುವ ತನಕ ಯಾರಿಗೂ ಏನೂ ತಿಳಿಯಲಿಲ್ಲ. ಹೊಸ ಹಲ್ಲು ಬಂದಾಗ ಮೇಲಿನವು ಕೆಳಗಿನವುಗಳ ಹಿಂದೆ ಕುಳಿತವು. ದೊಡ್ಡವಳಾಗುವ ವಯಸ್ಸಿಗೆ ಎಲ್ಲ ಹುಡುಗಿಯರ ಮುಖದಂತೆ ನನ್ನದೂ ಬೆಳೆಯಿತು, ಆದರೆ ಕೆಳದವಡೆಯಷ್ಟೇ ಬೆಳೆಯಿತು. ಮೇಲ್ದವಡೆ ಮಗುವಿನದಾಗಿಯೇ ಉಳಿಯಿತು. ಎದುರಿನಿಂದ ಇದು ಕಾಣುವುದಿಲ್ಲ. ಮಗ್ಗುಲಿನಿಂದ ನೋಡಿದರೆ ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಮುಖ ಒಳಗೆ ಸರಿದು, ಗದ್ದ ಮುಂದೆ ಚಾಚಿಕೊಂಡಿದೆ.

ಶಾಲೆಯಲ್ಲಿ ಪ್ರಾರ್ಥನೆಗೆ ಸಾಲಾಗಿ ನಿಂತಾಗ ಪಕ್ಕದ ಹುಡುಗಿ ಇದನ್ನು ಮೊದಲು ಕಂಡಳು. "ಏ, ಬಿದಿಗಿ ಚಂದ್ರಾಮನ್ನ ನೋಡ್ರೇ!" ಎಂದು ಪಿಸುಗುಟ್ಟಿದಳು. ಬಿದಿಗೆಯ ಚಂದ್ರನನ್ನು ಕಂಡಾಗ ಉಟ್ಟ ಬಟ್ಟೆಯ ಎಳೆಯೊಂದನ್ನು ಕಿತ್ತು ಅವನ ಕಡೆಗೆ ಊದಿ, ಹಳೆಯದನ್ನು ತಗೊಂಡು ಹೊಸದನ್ನು ಕೊಡೆಂದು ಬೇಡುವುದು ನಮ್ಮ ಕಡೆಯ ರೂಢಿ. ಆ ದಿನದಿಂದ ಹುಡುಗಿಯರು ಲಂಗದ ಎಳೆ ಕಿತ್ತು ನನ್ನ ಕಡೆಗೆ ಊದತೊಡಗಿದರು. "ಚಂದ್ರಾಮಾ, ಹಳೇದು ತಗೋ, ಹೊಸಾದು ಕೊಡು!" ನಾನು ಮನೆಯಲ್ಲಿ ಹೇಳಲಿಲ್ಲ. ನನ್ನ ಜಡೆಯಲ್ಲಿ ಸಿಕ್ಕ ಬಣ್ಣಬಣ್ಣದ ಎಳೆಗಳನ್ನು ಅವ್ವ ಸುಮ್ಮನೆ ಬಿಡಿಸುತ್ತಿದ್ದಳು. ಏನೆಂದು ಕೇಳಲಿಲ್ಲ. ಕೇಳದಿದ್ದುದರಿಂದಲೇ ಅವಳಿಗೆ ತಿಳಿದಿದೆಯೆಂದು ನನಗೆ ಗೊತ್ತಾಯಿತು. ಕೆಲವು ದಿನಗಳ ಮೇಲೆ ತನ್ನದೊಂದು ಸೀರೆಯನ್ನು ನನಗೆ ಉಡಿಸಿ, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಅಂಚುಗಳು ಕೆನ್ನೆಯ ಮುಂದೆ ಬರುವಂತೆ ಕಿವಿಯ ಹತ್ತಿರ ಸಿಕ್ಕಿಸುವುದನ್ನು ಅವಳು ನನಗೆ ಕಲಿಸಿದಳು. ಸೀರೆ ಉಡುವ ವಯಸ್ಸು ನನ್ನದಿನ್ನೂ ಆಗಿರಲಿಲ್ಲ.

ಆ ಡಾಕ್ಟರರು ನನ್ನನ್ನು ಮರೆತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಅವರಿಂದ ಕಾರ್ಡು ಬರುತ್ತಿತ್ತು. ಮಗಳ ಎರಡು ಫೋಟೋ ಕಳಿಸಿರಿ, ಎದುರಿನಿಂದ ಒಂದು, ಮಗ್ಗುಲಿನಿಂದ ಒಂದು. ಅಪ್ಪ ನನ್ನನ್ನು ಪೇಟೆಯ ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದರು. ಎದುರಿನದು ಆದ ಮೇಲೆ ಫೋಟೋದವನು ಕರಿಯ ಬಟ್ಟೆಯಿಂದ ತಲೆ ಹೊರಗೆ ತೆಗೆದು, "ಮಗ್ಗಲದ್ದೂ ತಗೀಲೇನ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದ.

"ಬ್ಯಾಡ. ಇಷ್ಟ ಸಾಕು" ಎಂದು ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಅವರು ನನ್ನ ಕಡೆಗೆ ನೋಡುತ್ತಿರಲಿಲ್ಲ. ನನಗಂತೂ ಎಷ್ಟು ಹಗುರೆನಿಸುತ್ತಿತ್ತೆಂದರೆ ಮನೆ ಬರುವ ತನಕ ಅವರ ಕೈ ಬಿಡುತ್ತಿರಲಿಲ್ಲ. ಮಗ್ಗುಲಿನದು ಸರಿಯಾಗಿ ಬರಲಿಲ್ಲವೆಂದು ಅವರು ಡಾಕ್ಟರರಿಗೆ ಬರೆಯುತ್ತಿದ್ದರು. ಡಾಕ್ಟರರಿಂದ ಸಂತೋಷದ ಉತ್ತರ ಬರುತ್ತಿತ್ತು.

ಮುಂದೆ ಧಾರವಾಡದಲ್ಲಿ ಕಾಲೇಜು ಓದುವಾಗ ಮಾಳಮಡ್ಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಕಾಲೇಜಿನಲ್ಲಿ ನಾವು ನಾಲ್ಕಾರು ಹುಡುಗಿಯರು. ನಮ್ಮ ಬೆಂಚನ್ನು ಪ್ರೊಫೆಸರರ ಮೇಜಿನ ಪಕ್ಕದಲ್ಲಿ ಅಡ್ಡಡ್ಡವಾಗಿ ಇಟ್ಟಿದ್ದರು. ಹುಡುಗರು ಕರಿಹಲಗೆಯನ್ನು ನೋಡಿದರೆ ನಮ್ಮ ಮಗ್ಗುಲು ಮುಖಗಳು ಅವರಿಗೆ ಕಾಣಲೇಬೇಕು. ಗೋಡೆಗೆ ಹತ್ತಿದ ಕೊನೆಯ ಜಾಗ ಹಿಡಿಯಲು ನಾನು ದಿನಾಲು ಎಲ್ಲರಿಗಿಂತ ಮೊದಲು ಹೋಗುತ್ತಿದ್ದೆ. ನಾಲ್ಕು ವರ್ಷ ಓದಿದ್ದರಲ್ಲಿ ನನಗೆ ಅತ್ಯಂತ ಚೆನ್ನಾಗಿ ನೆನಪಿರುವುದು ಆ ಗೋಡೆಯ ಸುಣ್ಣ.

ಕನ್ಯೆ ನೋಡಲು ಬಂದವರ ಕಥೆಯನ್ನು ಬಹಳ ಹೇಳುವುದಿಲ್ಲ. ಎದುರಿಗೆ ಚಾಪೆಯ ಮೇಲೆ ಕೂಡ್ರಿಸಿ ನೋಡಿದವರಿಗೆ ನಾನು ಒಪ್ಪಿಗೆಯಾಗುತ್ತಿದ್ದೆ. ಒಂದು ಸಲ ಸಕ್ಕರೆ ಹಂಚುವ ಮಾತೂ ಆಯಿತು. ಖಾಲಿ ತಟ್ಟೆ ಒಳಗೆ ಒಯ್ಯಲು ನಾನು ಎದ್ದು ತಿರುಗಿದೆ. ಸಕ್ಕರೆ ಡಬ್ಬಿಯಲ್ಲೇ ಉಳಿಯಿತು. ಆ ವರ್ಷವೇ ನನ್ನ ತಂಗಿಯನ್ನು ಶಿರಗುಪ್ಪಿಗೆ ಕೊಟ್ಟು ಮದುವೆ ಮಾಡಿದರು. ಆ ಬೀಗರಿಗೂ ಅವ್ವ ಹೇಳಿದ್ದು ಕಟ್ಟೆಯಿಂದ ಬಿದ್ದ ಕಥೆಯನ್ನೇ.

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಸೂಲಗಿತ್ತಿ ಅದನ್ನು ಒರೆಸಿ ಹೊರಗೆ ತಂದು ಮಾತಾಡದೆ ಅವ್ವನ ಕೈಗೆ ಕೊಟ್ಟಳು. ಎಡಗಡೆಗೇ, ಮೂಗಿನ ತನಕವೇ, ತುಟಿ ಸೀಳಿತ್ತು. ಅವ್ವ ಅಳಲಿಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಅಟ್ಟದಿಂದ ಒಂದು ಹಳೆಯ ಒಳಲೆಯನ್ನು, ಎಳೆಗೂಸಿಗೆ ಹಾಲು ಹಾಕುವ ಆ ಸಣ್ಣ ಕೊಕ್ಕಿನ ಬಟ್ಟಲನ್ನು, ಇಳಿಸಿ ತಿಕ್ಕಿದಳು. ಕೂಸನ್ನು ನೆಟ್ಟಗೆ ಕೂಡ್ರಿಸಿ, ಹಾಲನ್ನು ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಟ್ಟಳು. ಆ ಕೈಗೆ ಏನೂ ಮರೆತಿರಲಿಲ್ಲ.

ತಂಗಿಯ ಅತ್ತೆ ಚಕ್ಕಡಿ ಕಟ್ಟಿಸಿಕೊಂಡು ಬಂದರು. ತೊಟ್ಟಿಲೊಳಗೆ ಬಗ್ಗಿ ನೋಡಿದವರೇ ನೆಟ್ಟಗೆ ನಿಂತು ತಂಗಿಯನ್ನು ಕೇಳಿದರು:

"ಗ್ರಾಣದಾಗ ಏನ ಹೆಚ್ಚಿದಿ ಬೇ? ಬದನಿಕಾಯೋ, ಕುಂಬಳಕಾಯೋ?"

"ಅತ್ತೀ, ನಾ ಬಸರಿದ್ದಾಗ ಗ್ರಾಣಾನ ಹಿಡೀಲಿಲ್ಲಲ್ರಿ. ನಿಮ್ಮ ಮನ್ಯಾಗ ಇದ್ದೆ, ನಿಮಗ ಗೊತ್ತಿಲ್ಲೇನು?"

ಅತ್ತೆ ಬೆರಳು ಮಡಚಿ ತಿಂಗಳು ಎಣಿಸಿದರು. ಎಣಿಸಿ ಸುಮ್ಮನಾದರು. ನಾನು ಅವ್ವನ ಕಡೆಗೆ ನೋಡಿದೆ. ಒಳಲೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳು ಎಷ್ಟೋ ವರ್ಷಗಳ ಒಂದು ಮಾತಿಗೆ ಉತ್ತರ ಕೇಳಿಸಿಕೊಂಡವಳ ಹಾಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಹಂಗಾದ್ರ ಇದು ಎಲ್ಲಿಂದ ಬಂತು?" ಎಂದರು ಅತ್ತೆ.

ಪಡಸಾಲೆಯಲ್ಲಿದ್ದ ಅಪ್ಪ ನನ್ನನ್ನು ಕರೆದರು. "ಬಾ ಇಲ್ಲೆ. ಬೆಳಕಿಗೆ ಬಾ." ಅತ್ತೆಯೂ ಹೊರಗೆ ಬಂದರು. ನಾನು ಹೋಗಿ ಅವರ ಎದುರಿಗೆ ನಿಂತೆ. "ಇಕಿಗೂ ಹಿಂಗ ಇತ್ರಿ, ಹಿಂಗಂದ್ರ ಹಿಂಗ. ಈಗ ನೋಡ್ರಿ ಇಕಿನ್ನ. ಬಿ.ಎ. ಆಗ್ಯಾಳ. ಕೂಸಿಗೂ ಆ ದವಾಖಾನ್ಯಾಗ ಮಾಡಿಸೋಣ್ರಿ."

ಅತ್ತೆ ನನ್ನ ಗದ್ದ ಹಿಡಿದು ಮುಖವನ್ನು ಮೇಲೆತ್ತಿ ತುಟಿಯ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. ಸಂತೆಯಲ್ಲಿ ಸೀರೆಯ ಅಂಚು ನೋಡಿದ ಹಾಗೆ. "ಕಟ್ಟಿ ಮ್ಯಾಲಿಂದ ಬಿದ್ದಾಳಂದ್ರೆಲ್ರಿ ಬೀಗತ್ಯಾರ?" ಎಂದು ಅವ್ವನ ಕಡೆಗೆ ತಿರುಗಿ ನಕ್ಕರು. ಅವ್ವ ನೆಲ ನೋಡಿದಳು. "ಇರ್ಲಿ ಬಿಡ್ರಿ. ಹೊಲದಾಂವ ಮಾತ್ರ ಸಿಂಪಿಗ್ಯಾನಕಿಂತ ಛಲೋ ಹೊಲದಾನ. ನಡೀರಿ, ನಾನೂ ಬರ್ತೀನಿ."

ನಾನು ಉದ್ದಕ್ಕೂ ಅವರ ಎದುರಿಗೇ ನಿಂತಿದ್ದೆ. ಹಿಂದೆ ಸರಿಯುವಾಗಲೂ ತಿರುಗದೆ ಹಿಮ್ಮೆಟ್ಟಿ ಸರಿದೆ.

ಸಂಜೆ ಅಡುಗೆಮನೆಯಲ್ಲಿ ತಂಗಿ ಮೆಲ್ಲಗೆ ಕೇಳಿದಳು. "ಅಕ್ಕಾ, ನಿನಗ ಈಗ ಏನೂ ತ್ರಾಸ ಇಲ್ಲಲ್ಲ?"

"ಇಲ್ಲ."

"ಹಂಗಾದ್ರ ನಿನ್ನಂಗ ಆದ್ರ ಸಾಕವಾ. ನನಗೇನೂ ಹೆಚ್ಚಿಂದು ಬ್ಯಾಡ."

ಅವಳು ಖರೆಯಾಗಿಯೇ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ನನ್ನ ಮುಖವನ್ನು ಎಲ್ಲ ಕಡೆಯಿಂದ ನೋಡಿದವಳಿಗೆ ಅದು ಬರೀ ಅಕ್ಕನ ಮುಖ. ನಾನು ಒಲೆಯ ಕೆಂಡವನ್ನು ಮುಂದೆ ಎಳೆದು ರೊಟ್ಟಿ ಆನಿಸಿದೆ. ಆ ಕೂಸು ನನ್ನಂತಾಗಬಾರದು ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಹೇಳಬೇಕೆಂದರೆ ನಾನು ಹೇಗಿದ್ದೇನೆಂದು ಮೊದಲು ಹೇಳಬೇಕಾಗುತ್ತಿತ್ತು.

ಆಸ್ಪತ್ರೆಗೆ ಅಪ್ಪ, ತಂಗಿ, ಅವಳ ಅತ್ತೆ, ನಾನು ಹೋದೆವು. ನನ್ನನ್ನು ಹೊಲಿದ ಡಾಕ್ಟರರೇ ಇದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರು ಪುಸ್ತಕದಿಂದ ಕಲಿತ ಕನ್ನಡವನ್ನು ದೇವರ ಪ್ರಾರ್ಥನೆ ಓದಿದಂತೆ ಮಾತಾಡುತ್ತಿದ್ದರು. ನನ್ನನ್ನು ಗುರುತಿಸಿ ಎದ್ದು ನಿಂತರು. ಕಪಾಟಿನಿಂದ ನನ್ನ ಫೋಟೋಗಳನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಮ್ಮ ಪಡಸಾಲೆಯಲ್ಲಿ ತೂಗುತ್ತಿದ್ದವುಗಳ ಪ್ರತಿಗಳು.

"ನೋಡಿರಿ ತಾಯೀ," ಎಂದು ತಂಗಿಯ ಅತ್ತೆಗೆ ತೋರಿಸಿದರು, "ಇವರು ನನ್ನ ಉತ್ತಮವಾದ ಕೆಲಸಗಳಲ್ಲಿ ಒಬ್ಬರು. ಈ ಶಿಶುವಿಗೂ ಇದೇ ಪ್ರಕಾರವಾಗಿ ಮಾಡುವೆನು. ಈಗ ತುಟಿ. ಒಂದು ವರ್ಷ ತುಂಬುವ ಮೊದಲು ಅಂಗುಳ."

"ಹಂಗ ಮಾಡ್ರಿ ಯಪ್ಪಾ," ಎಂದರು ಅತ್ತೆ.

"ನಮ್ಮ ಅಕ್ಕನಂಗ ಆದ್ರ ಸಾಕ್ರಿ," ಎಂದಳು ತಂಗಿ.

ಡಾಕ್ಟರರು ಫೋಟೋಗಳನ್ನು ಒಟ್ಟುಗೂಡಿಸುತ್ತ, "ಮಗ್ಗುಲಿನ ಚಿತ್ರ ಮಾತ್ರ ಎಂದೂ ಬರಲಿಲ್ಲ" ಎಂದರು. ಸಿಟ್ಟಿನಿಂದಲ್ಲ, ಸಹಜವಾಗಿ.

"ಅದು ಸರಿಯಾಗಿ ಬರಲಿಲ್ರಿ," ಎಂದರು ಅಪ್ಪ.

ನಾನು ಅಪ್ಪನ ಪಕ್ಕದ ಕುರ್ಚಿಯಲ್ಲಿ ಡಾಕ್ಟರರಿಗೆ ಎದುರಾಗಿ ಕುಳಿತಿದ್ದೆ. ಸೆರಗಿನ ಎರಡೂ ಅಂಚು ಕೆನ್ನೆಯ ಮುಂದಿದ್ದವು. ಡಾಕ್ಟರರು ಕೂಸಿನ ಬಾಯಿ ತೆರೆದು ಒಳಗೆ ನೋಡತೊಡಗಿದರು. ಅದು ಚೀರುವಾಗ ಅಂಗುಳದ ನಡುವಿನ ಕೆಂಪು ಕಂಡಿ ನನಗೂ ಕಂಡಿತು. ಅದರ ಎರಡೂ ಬದಿಗೆ ಆ ದವಡೆ ಇನ್ನೂ ಬೆಳೆಯಬೇಕಾಗಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲರೂ ಏಳುತ್ತಿದ್ದರು, ಅಂಗುಳ ಮುಚ್ಚುವ ದಿನ ನಿಶ್ಚಯವಾಗುತ್ತಿತ್ತು, ಅದೂ ನನ್ನನ್ನು ನೋಡಿಯೇ ನಿಶ್ಚಯವಾಗುತ್ತಿತ್ತು.

ಧೈರ್ಯ ಬಂತೆಂದು ಬರೆಯಲಾರೆ. ಸೆರಗನ್ನು ಹೆಗಲಿಗೆ ಇಳಿಸಿ, ಕುರ್ಚಿಯಲ್ಲಿಯೇ ಕಿಟಕಿಯ ಕಡೆಗೆ ತಿರುಗಿ ಕುಳಿತೆ. ಕಿಟಕಿಯ ಕಟ್ಟೆಯ ಮೇಲೆ ಕೈ ತೊಳೆಯುವ ಬಿಳಿಯ ಬೋಗುಣಿ ಇತ್ತು. ಅದರ ನೀಲಿ ಅಂಚನ್ನೇ ನೋಡಿದೆ.

ಕೂಸು ಅಳುವುದನ್ನು ನಿಲ್ಲಿಸಿತು.

"ಅಯ್ಯ ಶಿವನ," ಎಂದರು ಅತ್ತೆ. "ಎದುರಿಗೊಂದು ಮಾರಿ, ಮಗ್ಗಲಕ್ಕೊಂದು ಮಾರಿ!"

ಅಪ್ಪ ಕೆಮ್ಮಿದರು. ಡಾಕ್ಟರರು ಎದ್ದು ಬಂದು ನನ್ನ ಪಕ್ಕದಲ್ಲಿ ಬಹಳ ಹೊತ್ತು ನಿಂತರು. "ಹಲ್ಲು ಕಚ್ಚಿರಿ" ಎಂದರು. ಕಚ್ಚಿದೆ. ಮರದ ಪಟ್ಟಿಯೊಂದನ್ನು ಹಣೆಯಿಂದ ಗದ್ದದವರೆಗೆ ಹಿಡಿದು ನೋಡಿದರು. ಆ ಪಟ್ಟಿ ನನ್ನ ಮೇಲ್ದುಟಿಗೆ ತಾಕಲಿಲ್ಲ. ಯಾವ ವಯಸ್ಸಿನಲ್ಲಿ ಮೊದಲಾಯಿತು, ಎಷ್ಟು ಬೇಗ ಹೆಚ್ಚಾಯಿತು ಎಂದು ಕೇಳಿದರು. ನಾನು ಬೋಗುಣಿಯನ್ನು ನೋಡುತ್ತಲೇ ಹೇಳಿದೆ. ಹೇಳುವಾಗ ನನ್ನ ಗದ್ದ ಹೇಗೆ ಅಲ್ಲಾಡುತ್ತದೆಂದು ಎಲ್ಲರೂ ನೋಡುತ್ತಿದ್ದಾರೆಂಬುದು ನನಗೆ ಗೊತ್ತಿತ್ತು.

ಅವರು ತಮ್ಮ ಜಾಗಕ್ಕೆ ಹೋಗಿ ಕುಳಿತರು. "ನಾವು ಹೊಲಿದ ಮಕ್ಕಳು ತಮ್ಮ ಊರಿಗೆ ಹೋಗುತ್ತಾರೆ," ಎಂದರು. "ಅವರು ದೊಡ್ಡವರಾದ ಮುಖ ನಮಗೆ ಕಾಣುವುದಿಲ್ಲ. ಹೊಲಿಗೆ ಬಿದ್ದ ಮಾಂಸ ಗಟ್ಟಿಯಾಗುತ್ತದೆ. ಅದು ಎಲುಬನ್ನು ಹಿಡಿದಿಡುತ್ತದೆಯೋ ಏನೋ. ನಿಶ್ಚಯವಾಗಿ ಹೇಳಲಾರೆನು. ಆದರೆ ಇದನ್ನು ನೋಡಿದ ಮೇಲೆ ಈ ಶಿಶುವಿನ ಅಂಗುಳವನ್ನು ಅಷ್ಟು ಬೇಗ ಮುಚ್ಚಲು ನನಗೆ ಮನಸ್ಸಿಲ್ಲ. ಕೆಲವು ವರ್ಷ ಕಾಯಬಹುದು. ಕಾದರೆ ಮುಖ ಬೆಳೆಯಬಹುದು. ಮಾತು ಮಾತ್ರ ಮೂಗಿನಿಂದ ಬರುವುದು. ಆಮೇಲೆ ತಿದ್ದುವುದು ಬಹಳ ಕಷ್ಟ."

"ಮಾರಿ ಉಳಸ್ರಿ," ಎಂದರು ಅತ್ತೆ ತಟ್ಟನೆ. "ಹೆಣ್ಣ ಹುಡಿಗಿ. ಮಾತು ಅರ್ಧಾ ಬಂದ್ರೂ ನಡೀತೈತಿ. ಪೂರಾ ಮಾತಾಡಿದಾಕಿ ಮನ್ಯಾಗ ಕುಂತಾಳ, ನೋಡಾಕತ್ತೇವಲ್ಲ!"

ಡಾಕ್ಟರರು ನನ್ನನ್ನು ಕೇಳಿದರು. "ನೀವು ಓದಿದವರು. ಆರಿಸಲು ಬಂದಿದ್ದರೆ ನೀವು ಯಾವುದನ್ನು ಆರಿಸುತ್ತಿದ್ದಿರಿ?"

ನನ್ನ ನಾಲಗೆಯ ತುದಿಗೆ ಬಂದದ್ದು ಅತ್ತೆ ಹೇಳಿದ್ದೇ. ಓದು, ಪಾಠ, ಹಿಂದಿನ ಬೆಂಚಿನವರೆಗೆ ಕೇಳುವ ಮಾತು, ಎಲ್ಲವನ್ನೂ ಕೊಟ್ಟು ಒಂದು ಮಗ್ಗುಲು ಮುಖವನ್ನು ತೆಗೆದುಕೊಳ್ಳಲು ನಾನು ಆ ಕ್ಷಣ ಸಿದ್ಧಳಿದ್ದೆ. ಮುಖ ತೋರಿಸಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕುಗ್ಗಿಸಿತು.

"ನನಗೆ ಗೊತ್ತಿಲ್ಲ," ಎಂದೆ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

ತಂಗಿ ನನ್ನ ಮಗ್ಗುಲನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು. "ಅಕ್ಕಾ, ಕಾಯೋಣಂದ್ರ, ಮಾತು ನೀ ಕಲಸ್ತೀಯೇನು?"

"ಕಲಸ್ತೀನಿ."

"ಹಂಗಾದ್ರ ಕಾಯೋಣ್ರಿ," ಎಂದು ಅವಳು ಡಾಕ್ಟರರಿಗೆ ಹೇಳಿದಳು. ಅತ್ತೆಯ ಕಡೆಗೆ ನೋಡಲಿಲ್ಲ.

ತುಟಿಯನ್ನಷ್ಟೇ ಹೊಲಿದರು. ಹೊರಡುವ ದಿನ ಡಾಕ್ಟರರು ಅಪ್ಪನಿಗೆ, ಕೂಸಿನದೂ ನನ್ನದೂ ಮಗ್ಗುಲಿನ ಚಿತ್ರ ಬೇಕೆಂದು ಹೇಳಿದರು. ಅಪ್ಪ ಹೂಂ ಎಂದರು. ರೈಲಿನಲ್ಲಿ ನನಗೆ ಕಿಟಕಿಯ ಜಾಗ ಸಿಕ್ಕಿತು. ಹೊರಗೆ ನೋಡಬೇಕೆಂದರೆ ಒಳಗಿನವರಿಗೆ ಮಗ್ಗುಲು ಮುಖ ತೋರಿಸಬೇಕು. ಅಷ್ಟೆಲ್ಲ ಆದ ಮೇಲೂ ನಾನು ಊರು ಬರುವ ತನಕ ತೊಡೆಯ ಮೇಲಿನ ಕೈ ನೋಡುತ್ತ ಕುಳಿತೆ. ಅಪ್ಪ ಎದುರಿನ ಸೀಟಿನಲ್ಲಿ ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ತಿರುಗಿಸುತ್ತಿದ್ದರು. ಧಾರವಾಡ ದಾಟಿದ ಮೇಲೆ ಒಮ್ಮೆ, "ನಿನಗ ನೋವಾಗಬಾರ್ದಂತ..." ಎಂದರು.

ಆ ರವಿವಾರ ಅವರೇ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದರು. ಫೋಟೋದವನು ನನ್ನನ್ನು ಪರದೆಯ ಮುಂದೆ ನಿಲ್ಲಿಸಿ ರೂಢಿಯಂತೆ ಗದ್ದವನ್ನು ನಡುವಿಗೆ ಸರಿಪಡಿಸಿದ. ನಾನು ತಿರುಗಿ ನಿಂತೆ.

"ಹಂಗ ನಿಂತ್ರ ಅರ್ಧಾ ಮಾರಿ ಹೋಗ್ತೈತ್ರಿ ಅಕ್ಕಾರ. ರೊಕ್ಕಾ ಪೂರಾ, ಮಾರಿ ಅರ್ಧಾ!" ಎಂದು ನಕ್ಕ.

"ಅಕಿ ನಿಂತಂಗ ತಗಿ," ಎಂದರು ಅಪ್ಪ. ಅವರು ಹೊರಗೆ ಹೋಗದೆ ಗೋಡೆಗೊರಗಿ ನಿಂತು, ಕ್ಯಾಮರಾ ಮುಚ್ಚುವ ತನಕ ನನ್ನನ್ನೇ ನೋಡಿದರು. ಅಷ್ಟು ಹೊತ್ತು ಅವರು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ. ಬೇಗ ಮುಗಿದರೆ ಸಾಕೆನಿಸಿತ್ತು. ಆ ಫೋಟೋ ಡಾಕ್ಟರರಿಗೆ ಹೋಯಿತು. ಪಡಸಾಲೆಯಲ್ಲಿ ತೂಗುಹಾಕುವ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೂಸಿಗೆ ಈಗ ಮಾತಾಡುವ ವಯಸ್ಸು. ಅಂಗುಳ ಇನ್ನೂ ತೆರೆದೇ ಇದೆ. ಸೂಟಿಯಲ್ಲಿ ತಂಗಿ ಅವಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾಳೆ. ನನಗೆ ಅವಳು "ನೊನ್ನವ್ವ" ಎನ್ನುತ್ತಾಳೆ. ದೊಡ್ಡವ್ವ ಎನ್ನಲು ಗಾಳಿ ಬಾಯಲ್ಲಿ ನಿಲ್ಲುವುದಿಲ್ಲ. ನನ್ನ ಅಂಗೈ ಮೇಲೆ ಒಂದು ನೂಲಿನ ಎಳೆ ಇಟ್ಟು, ಮೂಗು ಹಿಡಿದುಕೊಂಡು ಅದನ್ನು ಬಾಯಿಂದ ಊದಲು ಕಲಿಸುತ್ತೇನೆ. ಆಮೇಲೆ ಮೂಗು ಬಿಟ್ಟು. ಮೂಗು ಬಿಟ್ಟರೆ ಎಳೆ ಅಲ್ಲಾಡುವುದಿಲ್ಲ. ಅವಳಿಗೆ ಸಿಟ್ಟು ಬಂದು ಎಳೆಯನ್ನು ಕೈಯಿಂದ ಒಗೆಯುತ್ತಾಳೆ. ಮತ್ತೆ ಇಡುತ್ತೇನೆ. ಓಣಿಯ ಹುಡುಗರು ಅವಳ ಮಾತನ್ನು ಅಣಕಿಸುವುದು ಕಿಟಕಿಯಿಂದ ಕೇಳುತ್ತದೆ. ನಾನು ಆರಿಸಿಕೊಟ್ಟದ್ದು ಇದನ್ನು.

ಅವಳ ಮುಖ ಇನ್ನೂ ನೆಟ್ಟಗಿದೆ. ಆದರೆ ಈ ವಯಸ್ಸಿನಲ್ಲಿ ನನ್ನದೂ ನೆಟ್ಟಗಿತ್ತು. ಹಲ್ಲು ಬಿದ್ದು ಹುಟ್ಟುವ ತನಕ, ಅದರ ಮುಂದೆಯೂ, ಏನೂ ಹೇಳಲು ಬರುವುದಿಲ್ಲ. ಮಧ್ಯಾಹ್ನ ಅವಳು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಹೋದಾಗ ನಾನು ಪಕ್ಕದಲ್ಲಿ ಕುಳಿತು ಹಣೆಯಿಂದ ಗದ್ದದವರೆಗೆ ಕಣ್ಣಿನಿಂದಲೇ ಪಟ್ಟಿ ಹಿಡಿಯುತ್ತೇನೆ. ಶಾಲೆಯ ಸಾಲಿನಲ್ಲಿ ಆ ಹುಡುಗಿ ನನ್ನನ್ನು ನೋಡಿದಂತೆಯೇ ನೋಡುತ್ತೇನೆಂದು ನನಗೆ ಗೊತ್ತು. ಅವಳು ಅಲುಗಾಡಿ ಕಣ್ಣು ತೆರೆದರೆ ತಟ್ಟನೆ ಸೆರಗು ಸರಿಪಡಿಸಿಕೊಂಡು ಅವಳಿಗೆ ಎದುರಾಗಿ ಕೂಡುತ್ತೇನೆ.